ಆಟಿ ಕೂರಲು ಬಂದ ನಾದಿನಿಗೆ

ಹೋದ ಭಾನುವಾರ ಉಡುಪಿಯ ಅಜ್ಜರಕಾಡಿನಲ್ಲಿ ಒಂದು ಇಡೀ ಗೇಮ್ ಶಟಲ್ ಆಡಿದೆ. 21 ಪಾಯಿಂಟ್ ಮುಗಿಯುವವರೆಗೂ ಕೋರ್ಟಿನಲ್ಲೇ ಇದ್ದೆ. ಸೋತೆವು, ಇರಲಿ. ನೆಟ್ಟಿನಿಂದ ಹಿಂದಿನ ಗೆರೆಗೆ ಇರುವುದು 6.7 ಮೀಟರ್. ಕಳೆದ ಮಳೆಗಾಲದಲ್ಲಿ ಹೆಚ್ಚುಕಡಿಮೆ ಅಷ್ಟೇ ದೂರವನ್ನು, ಮಂಚದಿಂದ ಬಚ್ಚಲಿಗೆ, ಗೋಡೆ ಹಿಡಿದುಕೊಂಡು ಹೋಗುತ್ತಿದ್ದೆ. ಏನಾಗಿತ್ತು ಅಂತ ನಿಮಗೆಲ್ಲ ಗೊತ್ತೇ ಇದೆ, ಮತ್ತೆ ಬರೆಯುವುದಿಲ್ಲ.

ಹೊತ್ತುಹೊತ್ತಿಗೆ ಕುಚ್ಚಲಕ್ಕಿ ಗಂಜಿ ಮಾಡಿಕೊಟ್ಟ ಅತ್ತೆ, ದುಬೈಯಿಂದ ದಿನಾ ಫೋನ್ ಮಾಡಿದ ನಮ್ಮವರು, ಮಗಳನ್ನು ಶಾಲೆಗೆ ಬಿಟ್ಟು ಬಂದ ಪಕ್ಕದ ಮನೆಯವರು, ಆಫೀಸಿನಲ್ಲಿ ನನ್ನ ಕೆಲಸ ಹಂಚಿಕೊಂಡವರು, ಗ್ರೂಪಿನಲ್ಲಿ ನನ್ನ ಜಾಗ ಹಾಗೇ ಉಳಿಸಿಕೊಂಡ ಶಟಲ್ ಗೆಳೆಯರು, ಎಲ್ಲರಿಗೂ ನಾನು ಋಣಿ.

ಆದರೆ ಈ ಬರಹ ನನ್ನ ನಾದಿನಿಗೆ.

ಅವಳಿಗೆ ಆಗಷ್ಟೇ ಮದುವೆಯಾಗಿತ್ತು. ಬ್ರಹ್ಮಾವರದಿಂದ ಆಟಿ ಕೂರಲು ತವರಿಗೆ ಬಂದಿದ್ದಳು. ಹೊಸ ಮದುಮಗಳು ಅಮ್ಮನ ಮನೆಯಲ್ಲಿ ಹಾಯಾಗಿ ಉಂಡು ಮಲಗುವ ತಿಂಗಳು ಅದು. ಅವಳಿಗೆ ಸಿಕ್ಕಿದ್ದು ನನ್ನ ಔಷಧಿ ಚೀಟಿ, ನನ್ನ ನಿದ್ದೆ ಇಲ್ಲದ ರಾತ್ರಿಗಳು.

ಒಂದು ರಾತ್ರಿಯನ್ನು ಮಾತ್ರ ಹೇಳುತ್ತೇನೆ. ಜಡಿಮಳೆ, ಕರೆಂಟ್ ಇಲ್ಲ, ಇನ್ವರ್ಟರ್ ಕೂಡ ಕೈಕೊಟ್ಟಿತ್ತು. ಮಲಗಿದರೆ ಉಸಿರು ಕಟ್ಟಿದ ಹಾಗೆ ಆಗುತ್ತಿತ್ತು. ಅವಳು ಡಾಕ್ಟರಿಗೆ ಫೋನ್ ಮಾಡಿದಳು, ಅವರು ಹೇಳಿದ ಹಾಗೆ ನನ್ನನ್ನು ಎಬ್ಬಿಸಿ ಕೂರಿಸಿದಳು. ದಿಂಬು ಜಾರುತ್ತಿತ್ತು. ಆಗ ಮಂಚ ಹತ್ತಿ ನನ್ನ ಬೆನ್ನಿಗೆ ತನ್ನ ಬೆನ್ನು ಕೊಟ್ಟು ಕೂತುಬಿಟ್ಟಳು. ಅವಳ ಉಸಿರು ಏರಿ ಇಳಿಯುವುದು ನನ್ನ ಬೆನ್ನಿಗೆ ತಿಳಿಯುತ್ತಿತ್ತು. ಬೇಕೆಂದೇ ನಿಧಾನಕ್ಕೆ ಉಸಿರಾಡುತ್ತಿದ್ದಳು. ಸ್ವಲ್ಪ ಹೊತ್ತಿಗೆ ನನ್ನದೂ ಅದರ ಹಿಂದೆಯೇ ಹೋಯಿತು.

ನಡುವೆ ನಾನು, "ಮಗಳನ್ನು ನೀನು ನೋಡಿಕೊಳ್ಳಬೇಕು" ಅಂದೆ. ಹೌದು, ಅಷ್ಟು ಹೆದರಿದ್ದೆ. ಇದನ್ನು ನಮ್ಮವರಿಗೂ ಹೇಳಿರಲಿಲ್ಲ, ಈಗಲೇ ಗೊತ್ತಾಗುವುದು. ಅವಳು ಅಳಲಿಲ್ಲ, ಬೈಯಲಿಲ್ಲ. "ಬೆಳಗಾಗಲಿ ಅತ್ತಿಗೆ, ಆಮೇಲೆ ಮಾತಾಡುವ" ಅಂದಳು. ಬೆಳಗಾಗುವವರೆಗೂ ಬೆನ್ನು ಕದಲಿಸಲಿಲ್ಲ.

ಆಟಿ ಮುಗಿದರೂ ಅವಳು ಹೋಗಲಿಲ್ಲ. ನಡೆಯಲು ಶುರು ಮಾಡಿ ಅಂತ ಡಾಕ್ಟರ್ ಹೇಳಿದ್ದರು. ದೊಡ್ಡವರಿಗೆ ವಾರಕ್ಕೆ ಕಡಿಮೆ ಅಂದರೂ 150 ನಿಮಿಷದ ವ್ಯಾಯಾಮ ಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದಲ್ವಾ, ಅದನ್ನು ಓದಿಯೇ ನನಗೆ ಸುಸ್ತಾಗಿತ್ತು. ಏನೂ ಮಾಡದೆ ಇರುವುದಕ್ಕಿಂತ ಸ್ವಲ್ಪ ಮಾಡಿದರೂ ಒಳ್ಳೆಯದು ಅಂತಲೂ ಅದೇ ಸಂಸ್ಥೆ ಹೇಳುತ್ತದೆ ಎಂದು ಫಿಸಿಯೋಥೆರಪಿಸ್ಟ್ ತಿಳಿಸಿಕೊಟ್ಟರು. ನಡೆಯುವಾಗ ಮಾತಾಡಲು ಆಗಬೇಕು, ಹಾಡಲು ಆಗಬಾರದು, ಅದೇ ಸರಿಯಾದ ವೇಗ ಅಂತ ಒಂದು ಅಳತೆಯನ್ನೂ ಕೊಟ್ಟರು.

ಆ ಅಳತೆಯನ್ನು ನಾದಿನಿ ಗಟ್ಟಿಯಾಗಿ ಹಿಡಿದುಕೊಂಡಳು. ಮಳೆ ಇರುವಾಗ ಜಗಲಿಯಲ್ಲಿ, ಬಿಟ್ಟ ಮೇಲೆ ಭುಜಂಗ ಪಾರ್ಕಿನಲ್ಲಿ, ಪಕ್ಕದಲ್ಲೇ ನಡೆಯುತ್ತಾ "ಅತ್ತಿಗೆ, ಪತ್ರೊಡೆ ಹೇಗೆ ಮಾಡುವುದು ಹೇಳಿ" ಅನ್ನುತ್ತಿದ್ದಳು. ಅಕ್ಕಿ ನೆನೆಹಾಕಬೇಕು, ಮೆಣಸು, ಕೊತ್ತಂಬರಿ, ಹುಳಿ ಸೇರಿಸಿ ರುಬ್ಬಬೇಕು, ಕೆಸುವಿನ ಎಲೆಯ ದಪ್ಪ ನಾರು ತೆಗೆಯಬೇಕು... ಮಾತು ತುಂಡಾಯಿತೋ, ಅಲ್ಲೇ ನಿಲ್ಲಿಸುತ್ತಿದ್ದಳು. "ಇವತ್ತಿಗೆ ಸಾಕು." ಇನ್ನೊಂದು ಸುತ್ತು ಅಂತ ನಾನು ಹಟ ಹಿಡಿದರೂ ಬಿಡುತ್ತಿರಲಿಲ್ಲ.

ಧೈರ್ಯ ಮಾಡು, ಏಳು, ಮನಸ್ಸು ಗಟ್ಟಿ ಮಾಡಿಕೋ ಅಂತ ಪ್ರೀತಿಯಿಂದ ಹೇಳಿದವರು ತುಂಬಾ ಜನ. ಸಾಕು ಅಂದವಳು ಇವಳೊಬ್ಬಳೇ. ಮೈ ಮೇಲೆ ನಂಬಿಕೆಯೇ ಹೋಗಿತ್ತು ನನಗೆ. ಮೆಟ್ಟಿಲು ಹತ್ತುವಾಗ ಎದೆ ಹೊಡೆದುಕೊಂಡರೂ ಆ ರಾತ್ರಿಯೇ ನೆನಪಾಗುತ್ತಿತ್ತು. ಸುಸ್ತಾಗುವ ಮೊದಲೇ ದಿನಾ ನಿಲ್ಲಿಸಿದ್ದರಿಂದ, ಮರುದಿನ ಹೊರಡಲು ಹೆದರಿಕೆ ಇರುತ್ತಿರಲಿಲ್ಲ. ಹಾಗೆ ಹಾಗೆ ಪತ್ರೊಡೆಯನ್ನು ಹಬೆಗಿಟ್ಟು ಇಳಿಸುವವರೆಗೂ ಒಂದೇ ಉಸಿರಿಗೆ ಹೇಳುವಷ್ಟಾದೆ. ಆ ದಿನ ಅವಳೇ, "ಇನ್ನು ರಾಕೆಟ್ ತೆಗೆಯಿರಿ ಅತ್ತಿಗೆ" ಅಂದಳು.

ಅವಳ ಗಂಡನಿಗೂ ಅವಳ ಅತ್ತೆಗೂ ನಾನು ಕೈಮುಗಿಯಬೇಕು. ಹೊಸ ಸೊಸೆಯನ್ನು ಅಷ್ಟು ದಿನ ಬಿಟ್ಟುಕೊಟ್ಟರು, ಯಾವಾಗ ಬರುತ್ತೀ ಅಂತ ಒಂದು ಸಲವೂ ಕೇಳಲಿಲ್ಲ.

ಮಾರಾಯ್ತಿ, ನಿನ್ನ ಆಟಿ ನನ್ನಿಂದ ಹಾಳಾಯಿತು. ಈ ವರ್ಷ ಮತ್ತೆ ಬಾ. ಅಡುಗೆಮನೆ ಕಡೆ ತಲೆ ಹಾಕಬಾರದು, ಹೊತ್ತೇರುವವರೆಗೆ ಮಲಗಬೇಕು. ಕೆಸುವಿನ ಎಲೆ ಕೊಯ್ಯುವುದರಿಂದ ಹಿಡಿದು ಬಡಿಸುವವರೆಗೂ ಎಲ್ಲ ನಾನೇ ಮಾಡುತ್ತೇನೆ. ಅಣ್ಣನೂ ಆಗ ರಜೆಯಲ್ಲಿ ಊರಿಗೆ ಬರುತ್ತಾರೆ. ನಿನ್ನ ಗಂಡನನ್ನೂ ಕರೆದುಕೊಂಡು ಬಾ.