ಗೆಲುವಿಗೆ ಪ್ರಾರ್ಥಿಸಿದರೆ ಭಕ್ತಿ, ಶಾಂತಿಗೆ ಪ್ರಾರ್ಥಿಸಿದರೆ ರಾಜಕೀಯವೇ?

ಮಾನ್ಯ ಸಂಪಾದಕರೇ,

ಚರ್ಚುಗಳು ಯುದ್ಧದ ವಿಷಯಕ್ಕೆ ಬಾಯಿ ಹಾಕಬಾರದು, ಅದರಿಂದ ಸಭೆ ಒಡೆಯುತ್ತದೆ ಎಂದು ಓದುಗರೊಬ್ಬರು ಈ ಅಂಕಣದಲ್ಲಿ ಬರೆದಿದ್ದಾರೆ. ಅವರ ಆತಂಕ ಸುಳ್ಳಲ್ಲ. ನಾನೂ ಪ್ರೊಟೆಸ್ಟಂಟ್ ಸಭೆಯಲ್ಲೇ ಬೆಳೆದವನು. ಒಂದು ಭಾನುವಾರ ನಮ್ಮ ಸಭಾಪಾಲಕರು ಯುದ್ಧದಲ್ಲಿ ಎರಡೂ ಕಡೆ ಸತ್ತವರ ಮನೆಯವರಿಗಾಗಿ ಪ್ರಾರ್ಥಿಸಿದರು. ‘ಎರಡೂ ಕಡೆ’ ಎಂಬ ಆ ಒಂದು ಮಾತಿಗೆ ಆರಾಧನೆ ಮುಗಿದ ಮೇಲೆ ಅಂಗಳದಲ್ಲಿ ಅರ್ಧ ಗಂಟೆ ಜಗಳ ನಡೆಯಿತು. ಮುಂದಿನ ವಾರದಿಂದ ಆ ಮಾತು ಪ್ರಾರ್ಥನೆಯಲ್ಲಿ ಬರಲಿಲ್ಲ. ಅದಕ್ಕೂ ಹಿಂದೆ, ನಮ್ಮ ಕಡೆಯ ಗೆಲುವಿಗಾಗಿ ಪ್ರಾರ್ಥಿಸಿದಾಗ ಮಾತ್ರ ಯಾರೂ ಅದನ್ನು ರಾಜಕೀಯ ಅಂದಿರಲಿಲ್ಲ. ನನ್ನ ತಕರಾರು ಇರುವುದು ಇಲ್ಲೇ.

1914ರಲ್ಲಿ ಯುರೋಪಿನ ಚರ್ಚುಗಳು ತಂತಮ್ಮ ದೇಶದ ಸೈನ್ಯವನ್ನು ಹರಸಿ ಕಳಿಸಿದವು. ಜರ್ಮನಿಯ 93 ವಿದ್ವಾಂಸರು, ಕಲಾವಿದರು ಯುದ್ಧವನ್ನು ಸಮರ್ಥಿಸುವ ಹೇಳಿಕೆಯೊಂದಕ್ಕೆ ಸಹಿ ಹಾಕಿದರು. ಅವರಲ್ಲಿ ಅಡಾಲ್ಫ್ ಹಾರ್ನಾಕ್‌ರಂಥ ದೊಡ್ಡ ದೇವಶಾಸ್ತ್ರಜ್ಞರೂ ಇದ್ದರು. ಆಗ ಸ್ವಿಟ್ಜರ್ಲೆಂಡಿನ ಹಳ್ಳಿಯೊಂದರಲ್ಲಿ ಪಾಲಕರಾಗಿದ್ದ, ಮುಂದೆ ದೊಡ್ಡ ದೇವಶಾಸ್ತ್ರಜ್ಞರೆನಿಸಿದ ಕಾರ್ಲ್ ಬಾರ್ತ್‌ಗೆ ತಮ್ಮ ಗುರುಗಳ ಹೆಸರನ್ನೇ ಆ ಪಟ್ಟಿಯಲ್ಲಿ ನೋಡಿ ಆಘಾತವಾಯಿತು. ಆ ಯುದ್ಧದ ಬಿಸಿ ನಮ್ಮ ಮಂಗಳೂರಿಗೂ ತಟ್ಟಿತು. 1834ರಿಂದ ಇಲ್ಲಿದ್ದು ಕನ್ನಡ ಕಲಿತು, ಶಾಲೆ ತೆರೆದು, ಹೆಂಚು ಸುಟ್ಟ ಬಾಸೆಲ್ ಮಿಶನ್‌ನಲ್ಲಿ ಜರ್ಮನರು ಅನೇಕರಿದ್ದರು. ಬ್ರಿಟಿಷರ ಲೆಕ್ಕದಲ್ಲಿ ಅವರೆಲ್ಲ ಶತ್ರು ಪ್ರಜೆಗಳಾದರು. ಅವರನ್ನು ಶಿಬಿರಗಳಲ್ಲಿ ಕೂಡಿಟ್ಟರು. ಕಾರ್ಖಾನೆಗಳು ಮಿಶನ್ನಿನ ಕೈ ತಪ್ಪಿದವು. ಯುದ್ಧ ನಮ್ಮ ಸಭೆಗಳ ವಿಷಯವಲ್ಲ ಎನ್ನುವವರು ಈ ಕಥೆ ನೆನೆಯಬೇಕು.

ಆದರೂ ನನ್ನ ಮನಸ್ಸು ಜಾಸ್ತಿ ನಿಲ್ಲುವುದು ಇನ್ನೊಂದು ಕಡೆ. 1967ರ ಏಪ್ರಿಲ್ 4ರಂದು ನ್ಯೂಯಾರ್ಕಿನ ರಿವರ್‌ಸೈಡ್ ಚರ್ಚಿನಲ್ಲಿ, ಅಮೆರಿಕದ ಕಪ್ಪು ಜನರ ಹಕ್ಕಿಗಾಗಿ ಹೋರಾಡುತ್ತಿದ್ದ ಪಾದ್ರಿ ಮಾರ್ಟಿನ್ ಲೂಥರ್ ಕಿಂಗ್ ವಿಯೆಟ್ನಾಂ ಯುದ್ಧದ ವಿರುದ್ಧ ಮಾತನಾಡಿದರು. ಕರೆದವರು ಆ ಯುದ್ಧವನ್ನು ವಿರೋಧಿಸುತ್ತಿದ್ದ ಪಾದ್ರಿಗಳು ಮತ್ತು ವಿಶ್ವಾಸಿಗಳ ಒಂದು ಗುಂಪು. ಕಿಂಗ್ ಅವರಿಗೆ ಇದು ಸುಲಭವಾಗಿರಲಿಲ್ಲ. 1964 ಮತ್ತು 1965ರ ನಾಗರಿಕ ಹಕ್ಕುಗಳ ಕಾಯ್ದೆಗಳಿಗೆ ಸಹಿ ಹಾಕಿದ್ದ ಅಧ್ಯಕ್ಷ ಜಾನ್ಸನ್ ಅವರೇ ಯುದ್ಧ ನಡೆಸುತ್ತಿದ್ದರು. ಅವರನ್ನು ಎದುರು ಹಾಕಿಕೊಳ್ಳಬೇಡಿ ಎಂದು ಸ್ವಂತ ಜನರೇ ಹೇಳಿದ್ದರು. ಆದರೆ ಕೊಳೆಗೇರಿಯ ಸಿಟ್ಟಿನ ಹುಡುಗರಿಗೆ ‘ಹಿಂಸೆ ಬೇಡ’ ಎಂದು ಹೇಳಲು ಹೋದಾಗ ಅವರು ‘ಹಾಗಾದರೆ ವಿಯೆಟ್ನಾಂ?’ ಎಂದು ತಿರುಗಿ ಕೇಳಿದರಂತೆ. ಆ ಪ್ರಶ್ನೆಗೆ ಉತ್ತರ ಕೊಡದೆ ಸುಮ್ನೆ ಇರಲು ಕಿಂಗ್ ಅವರಿಗೆ ಆಗಲಿಲ್ಲ. ತಮ್ಮ ಇಷ್ಟು ದಿನದ ಮೌನವನ್ನೇ ಅವರು ಅಂದು ದ್ರೋಹವೆಂದು ಕರೆದರು. ವಿಯೆಟ್ನಾಂನ ರೈತರ ಬಗ್ಗೆ ಹೇಳಿದರು, ಅಮೆರಿಕದ ಸೈನಿಕರ ಬಗ್ಗೆಯೂ ಅಷ್ಟೇ ಕಾಳಜಿಯಿಂದ ಹೇಳಿದರು.

ಮೂರು ದಿನದಲ್ಲಿ ನ್ಯೂಯಾರ್ಕ್ ಟೈಮ್ಸ್ ಸಂಪಾದಕೀಯವೇ ಅದನ್ನು ತಪ್ಪು ಎಂದಿತು. ಕಪ್ಪು ಜನರ ಹಕ್ಕಿಗಾಗಿ ದುಡಿಯುತ್ತಿದ್ದ ದೊಡ್ಡ ಸಂಘಟನೆಯೇ ದೂರ ಸರಿಯಿತು. ಸರಿಯಾಗಿ ಒಂದು ವರ್ಷದ ನಂತರ, ಅದೇ ಏಪ್ರಿಲ್ 4ರಂದು, ಕಿಂಗ್ ಅವರನ್ನು ಮೆಂಫಿಸ್‌ನಲ್ಲಿ ಕೊಂದರು. ಇಂದು ಆ ಭಾಷಣವನ್ನು ಎಲ್ಲರೂ ಹೊಗಳುತ್ತಾರೆ. ಅಂದು ಅವರ ಪಕ್ಕದಲ್ಲಿ ನಿಂತವರು ಎಷ್ಟು ಕಡಿಮೆ ಎಂಬುದನ್ನು ಮರೆತಿದ್ದಾರೆ ಅಷ್ಟೆ.

2003ರಲ್ಲೂ ಇದೇ ಒಡಕು. ಇರಾಕ್ ಯುದ್ಧಕ್ಕೆ ಹೊರಟ ಅಧ್ಯಕ್ಷ ಬುಷ್ ಮೆಥೊಡಿಸ್ಟರು. ಅವರದೇ ಚರ್ಚಿನ ಬಿಷಪ್ಪರು ಬೇಡ ಎಂದರು. ಸದರ್ನ್ ಬ್ಯಾಪ್ಟಿಸ್ಟ್ ಎಂಬ ಇನ್ನೊಂದು ಪ್ರೊಟೆಸ್ಟಂಟ್ ಪಂಗಡದ ಮುಖಂಡರೊಬ್ಬರು ಇತರ ಕೆಲವರ ಜೊತೆ, ಇದು ನ್ಯಾಯದ ಯುದ್ಧ ಎಂದು 2002ರಲ್ಲೇ ಪತ್ರ ಬರೆದಿದ್ದರು. ಇಬ್ಬರ ಕೈಯಲ್ಲೂ ಇದ್ದದ್ದು ಒಂದೇ ಬೈಬಲ್.

ಹಾಗಾಗಿ ಸಭೆ ಒಡೆಯುವುದಿಲ್ಲ ಎಂದು ನಾನು ಹೇಳಲಾರೆ. ಮಗ ಸೈನ್ಯದಲ್ಲಿರುವ ತಾಯಿಯೂ ಅದೇ ಬೆಂಚಿನಲ್ಲಿ ಕೂತಿರುತ್ತಾರೆ. ಅವರಿಗೆ ನೋವಾಗದಂತೆ ಮಾತನಾಡುವುದು ಪಾಲಕರಿಗೆ ಕಷ್ಟ, ನಿಜ. ಅದಕ್ಕೆ ಒಂದು ದಾರಿ ಇದೆ ಅನ್ನಿಸುತ್ತದೆ. ಯಾವ ಪಕ್ಷದ ಹೆಸರೂ ಬೇಡ. ಆ ತಾಯಿಯ ಮಗನ ಹೆಸರು ಹೇಳಿ ಪ್ರಾರ್ಥಿಸಲಿ. ಅದೇ ಉಸಿರಿನಲ್ಲಿ ಆಚೆ ಕಡೆಯ ತಾಯಂದಿರನ್ನೂ ನೆನೆಯಲಿ. ವೈರಿಗಳನ್ನು ಪ್ರೀತಿಸಿ ಎಂದು ಯೇಸು ಹೇಳಿದ್ದನ್ನು ನಾವು ಮಕ್ಕಳಿಗೆ ಸಂಡೇ ಸ್ಕೂಲಿನಲ್ಲಿ ಬಾಯಿಪಾಠ ಮಾಡಿಸುತ್ತೇವೆ, ಅಲ್ವಾ?

ಪತ್ರ ಬರೆದ ಆ ಓದುಗರಲ್ಲಿ, ಹಾಗೆಯೇ ನಮ್ಮ ಸಭೆಯ ಹಿರಿಯರಲ್ಲಿ ನನ್ನದೊಂದೇ ಬೇಡಿಕೆ. ‘ಎರಡೂ ಕಡೆ’ ಎಂಬ ಆ ಮಾತನ್ನು ಮತ್ತೆ ಪ್ರಾರ್ಥನೆಗೆ ಸೇರಿಸೋಣ. ಅಂಗಳದಲ್ಲಿ ಮತ್ತೆ ಜಗಳವಾದರೆ ನಾನೂ ಅಲ್ಲಿ ನಿಂತು ಪೂರ್ತಿ ಕೇಳಿಸಿಕೊಳ್ಳುತ್ತೇನೆ. ಕಳೆದ ಸಲ ನಾನು ಮನೆಗೆ ಹೊರಟುಹೋಗಿದ್ದೆ.

ನಿಮ್ಮ ಓದುಗ,
ಮಂಗಳೂರು