ಟೈರ್ ಕಳ್ಳನನ್ನು ಉಳಿಸಿಕೊಟ್ಟ ಎಲ್ಲರಿಗೂ

ಭಾನುವಾರ ರಾತ್ರಿ, ನಾನು ಇಂಗ್ಲಿಷಿನಲ್ಲಿ ಬರೆಯುತ್ತಿದ್ದ ಬ್ಯಾಟ್‌ಮನ್ ಅಭಿಮಾನಿ ಕಥೆಯ, ಅಂದರೆ ಫ್ಯಾನ್‌ಫಿಕ್‌ನ, ಕೊನೆಯ ಅಧ್ಯಾಯ ಆನ್‌ಲೈನಿನಲ್ಲಿ ಹಾಕಿದೆ. ಒಟ್ಟು ಎಷ್ಟು ಅಧ್ಯಾಯ ಅನ್ನುವ ಜಾಗದಲ್ಲಿ ಇಷ್ಟು ಕಾಲ ಇದ್ದ ಪ್ರಶ್ನೆ ಚಿಹ್ನೆ ಹೋಗಿ ಅಲ್ಲೊಂದು ಅಂಕಿ ಬಂದು ಕೂತಿತು. ಫ್ಯಾನ್‌ಫಿಕ್ ಓದುವವರಿಗೆ ಅದರ ಬೆಲೆ ಗೊತ್ತು. ಅರ್ಧಕ್ಕೇ ನಿಂತ ಕಥೆಗಳನ್ನು ನಂಬಿಕೊಂಡು ಎಷ್ಟು ಸಲ ಮೋಸ ಹೋಗಿಲ್ಲ ನಾವು! ನನ್ನದೂ ಹಾಗೇ ನಿಂತುಬಿಡುತ್ತದೆ ಅಂತ ನನಗೇ ಅನಿಸಿತ್ತು. ನಿಲ್ಲಲಿಲ್ಲ. ಅದಕ್ಕೆ ಕಾರಣರಾದವರಿಗೆ ಈ ಬರಹ. ಇಂಗ್ಲಿಷ್ ಓದುಗರಿಗೆ ಕಥೆಯ ಕೆಳಗೇ ಥ್ಯಾಂಕ್ಸ್ ಹೇಳಿದ್ದೇನೆ. ಆದರೆ ಇದರ ಹಿಂದೆ ಜಾಸ್ತಿ ದುಡಿದವರು ಕನ್ನಡದವರು. ಅವರಿಗೆ ಇಂಗ್ಲಿಷಿನಲ್ಲಿ ಹೇಳಿದರೆ ನನಗೇ ಸಮಾಧಾನ ಇಲ್ಲ.

ಮೊದಲು, ವಿಷಯ ಏನೂ ಗೊತ್ತಿಲ್ಲದೆ ನನ್ನನ್ನು ಸಹಿಸಿಕೊಂಡ ಮನೆಯವರಿಗೆ, ಆಫೀಸಿನವರಿಗೆ ಎರಡು ಮಾತು. ನಾನು ಫೋನಿನಲ್ಲಿ ಯಾವಾಗಲೂ ಟೈಪ್ ಮಾಡುತ್ತಿದ್ದದ್ದು ಚಾಟಿಂಗ್ ಅಲ್ಲ. ಬ್ಯಾಟ್‌ಮನ್ ಮನೆಯ ಕಥೆ. ಇನ್ನೊಬ್ಬರು ಹುಟ್ಟಿಸಿದ ಪಾತ್ರಗಳನ್ನು ಇಟ್ಟುಕೊಂಡು ಅಭಿಮಾನಿಗಳು ಬರೆಯುವ ಕಥೆಗೆ ಫ್ಯಾನ್‌ಫಿಕ್ ಅನ್ನುತ್ತಾರೆ. ಮೂಲದಲ್ಲಿ ಇರುವುದು ಕ್ಯಾನನ್. ಅದನ್ನು ಬಿಟ್ಟು ಬೇರೆ ದಾರಿ ಹಿಡಿದರೆ ಅದು ಎಯು (ಆಲ್ಟರ್ನೇಟ್ ಯೂನಿವರ್ಸ್). ದುಡ್ಡು ಬರುವುದಿಲ್ಲ, ತೆಗೆದುಕೊಳ್ಳುವ ಹಾಗೂ ಇಲ್ಲ. "ಮತ್ತೆ ಯಾಕೆ ಬರೀತೀಯಾ?" ಅಂತ ಚಿಕ್ಕಮ್ಮ ಕೇಳಿದ್ದರು. ಉತ್ತರ ಉದ್ದ ಇದೆ ಚಿಕ್ಕಮ್ಮ, ಕೂತು ಓದಿ.

ಬ್ಯಾಟ್‌ಮನ್ ಜೊತೆಗಿರುವ ರಾಬಿನ್ ಒಬ್ಬನೇ ಅಲ್ಲ. ಮೊದಲನೆಯವನು ಡಿಕ್ ಗ್ರೇಸನ್, ಸರ್ಕಸ್ ಕುಟುಂಬದ ಹುಡುಗ. ಎರಡನೆಯವನು ಜೇಸನ್ ಟಾಡ್. 1983ರಲ್ಲಿ ಮೊದಲ ಸಲ ಬಂದಾಗ ಇವನೂ ಸರ್ಕಸ್ಸಿನವನೇ. 1987ರಲ್ಲಿ ಈ ಕಾಮಿಕ್ಸ್ ಹೊರತರುವ ಡಿಸಿ ಕಂಪನಿಯವರೇ ಅದನ್ನು ಅಳಿಸಿ ಹೊಸದಾಗಿ ಬರೆದರು. ಈಗ ಅವನು ಗಾಥಮ್ ಊರಿನ ಕ್ರೈಮ್ ಆಲಿ ಅನ್ನುವ ಗಲ್ಲಿಯಲ್ಲಿ ಒಬ್ಬನೇ ಬದುಕುವ ಬೀದಿ ಹುಡುಗ. ನಿಲ್ಲಿಸಿದ್ದ ಬ್ಯಾಟ್‌ಮೊಬೈಲ್‌ನ ಚಕ್ರ ಬಿಚ್ಚುವಾಗ ಬ್ಯಾಟ್‌ಮನ್ ಕೈಗೆ ಸಿಕ್ಕಿಬೀಳುತ್ತಾನೆ. ನೀವೇ ಯೋಚನೆ ಮಾಡಿ, ಇಡೀ ಊರಿನ ಪುಂಡರು ಹೆದರುವ ಕಾರು, ಈ ಹುಡುಗನಿಗೆ ಕಂಡದ್ದು ಮಾರಬಹುದಾದ ಟೈರು. ನಾನು ಅಲ್ಲೇ ಸೋತುಹೋದೆ. "ಮೂಲ ಕಥೆ ಬದಲಾಯಿಸೋಕೆ ನೀವ್ಯಾರು?" ಅಂತ ಯಾರಾದರೂ ಕೇಳಿದರೆ ನಾನು ತೋರಿಸುವುದೂ ಇದನ್ನೇ. ನಾಲ್ಕೇ ವರ್ಷದಲ್ಲಿ ಕಂಪನಿಯೇ ಬದಲಾಯಿಸಿದೆ, ನಮ್ಮದೇನು ಬಿಡಿ.

1988ರಲ್ಲಿ ಅವನನ್ನು ಸಾಯಿಸಿದ ಕಥೆ ಮಾತ್ರ ನನಗೆ ಇವತ್ತಿಗೂ ಅರಗುವುದಿಲ್ಲ. ಜೇಸನ್ ತನ್ನ ಹೆತ್ತ ತಾಯಿಯನ್ನು ಹುಡುಕಿಕೊಂಡು ಇಥಿಯೋಪಿಯಾದವರೆಗೆ ಹೋಗುತ್ತಾನೆ. ಬ್ಯಾಟ್‌ಮನ್‌ನ ಕಡುವೈರಿ ಜೋಕರ್ ಅವನನ್ನು ಹಾರೆಯಿಂದ ಹೊಡೆದು, ಬಾಂಬ್ ಇಟ್ಟ ಗೋದಾಮಿನಲ್ಲಿ ಬಿಟ್ಟು ಹೋಗುತ್ತಾನೆ. ಬಾಂಬ್ ಸಿಡಿಯುತ್ತದೆ, ಸಂಚಿಕೆ ಮುಗಿಯುತ್ತದೆ. ಕೊನೆಯಲ್ಲಿ ಎರಡು ಫೋನ್ ನಂಬರ್. ಹುಡುಗ ಬದುಕಲಿ ಅನ್ನುವವರಿಗೆ ಒಂದು, ಸಾಯಲಿ ಅನ್ನುವವರಿಗೆ ಇನ್ನೊಂದು. ಒಂದು ಕರೆಗೆ 50 ಸೆಂಟ್. ಬದುಕಲಿ ಅಂದವರು 5,271. ಸಾಯಲಿ ಅಂದವರು 5,343. ವ್ಯತ್ಯಾಸ ಬರೀ 72. ನಮ್ಮ ಗ್ರಾಮ ಪಂಚಾಯ್ತಿ ಚುನಾವಣೆಯಲ್ಲಾದರೆ ಮರುಎಣಿಕೆ ಕೇಳುತ್ತಿದ್ದರು.

ಹುಡುಗ ಬದುಕುವ ಪುಟವನ್ನೂ ಚಿತ್ರಕಾರ ಜಿಮ್ ಅಪಾರೊ ಬರೆದಿಟ್ಟಿದ್ದರು. ಅದು ಆಗ ಪೆಟ್ಟಿಗೆ ಸೇರಿತು. 2023ರಲ್ಲಿ ಡಿಸಿ ಆ ಪುಟ ಸೇರಿಸಿ, ವೋಟಿನ ನಂತರ ಬಂದಿದ್ದ ಸಂಚಿಕೆಯನ್ನು ಮತ್ತೆ ಅಚ್ಚು ಹಾಕಿತು. ಅಷ್ಟರೊಳಗೆ ಅಭಿಮಾನಿಗಳು ಜೇಸನ್‌ನನ್ನು ಎಷ್ಟು ಸಲ ಬದುಕಿಸಿದ್ದರೋ ಲೆಕ್ಕವೇ ಇಲ್ಲ. ಮಧ್ಯದಲ್ಲಿ 2005ರಲ್ಲಿ ಕಂಪನಿಯವರೂ ಅವನನ್ನು ವಾಪಸ್ ತಂದರು, ಆದರೆ ಬಂದವನು ತಲೆಗೆ ಕೆಂಪು ಹೆಲ್ಮೆಟ್ ಹಾಕಿಕೊಂಡು ಬಂದೂಕು ಹಿಡಿದ ರೆಡ್ ಹುಡ್. ಇಷ್ಟಪಡುವವರು ತುಂಬಾ ಜನ ಇದ್ದಾರೆ. ನನಗೆ ಬೇಕಾಗಿದ್ದದ್ದು ಬೇರೆ. ಬದುಕಿದ ಅಂತ ಒಂದು ಪುಟದಲ್ಲಿ ಹೇಳಿದ ಮೇಲೆ ಮಾರನೇ ದಿನ ಏನು? ಆಸ್ಪತ್ರೆಯ ಬಿಲ್ಲು ಬ್ರೂಸ್ ವೇನ್‌ಗೆ (ಬ್ಯಾಟ್‌ಮನ್‌ನ ಅಸಲಿ ಹೆಸರು, ಭಾರಿ ಶ್ರೀಮಂತ) ದೊಡ್ಡದಲ್ಲ, ಸರಿ. ಆ ಹುಡುಗನ ಮೈ?

ನಾನು ಈ ಪ್ರಶ್ನೆ ಕೇಳುವ ಹೊತ್ತಿಗೆ ಅಪ್ಪನ ಡಯಾಲಿಸಿಸ್ ಶುರುವಾಗಿತ್ತು. ಸಕ್ಕರೆ ಕಾಯಿಲೆಯಿಂದ ಎರಡೂ ಕಿಡ್ನಿ ಹೋಗಿದ್ದವು. ವಾರಕ್ಕೆ ಮೂರು ದಿನ, ಪ್ರತಿ ಸಲ ಸುಮಾರು ನಾಲ್ಕು ಗಂಟೆ. ಹೊರಗಿನ ಬೆಂಚಿನಲ್ಲಿ ಕೂತವರಿಗೆ ಮಾಡಲು ಏನೂ ಕೆಲಸ ಇರುವುದಿಲ್ಲ, ಎದ್ದು ಹೋಗುವ ಹಾಗೂ ಇಲ್ಲ. ಒಳಗೆ ಬೀಪ್ ಅಂದರೆ ಎಲ್ಲರೂ ಒಟ್ಟಿಗೆ ತಲೆ ಎತ್ತುತ್ತೇವೆ. ಯಾರ ಮೆಷಿನ್, ಬಿಪಿ ಬಿತ್ತಾ, ಸಿಸ್ಟರ್ ಹೋದರಾ. ಆಮೇಲೆ ಮತ್ತೆ ಫೋನು. ನನ್ನ ಕಥೆ ಬಹುಪಾಲು ಆ ಬೆಂಚಿನಲ್ಲಿ, ಹೆಬ್ಬೆರಳಿನಲ್ಲಿ ಬರೆದದ್ದು. ಹಾಗಾಗಿ ಜೇಸನ್‌ಗೂ ಡಯಾಲಿಸಿಸ್ ಬಂತು. ಅದು ಸುಮ್ನೆ ತಂದದ್ದಲ್ಲ. ಮೈಮೇಲೆ ಕಟ್ಟಡ ಬಿದ್ದು ಮಾಂಸಖಂಡ ಜಜ್ಜಿಹೋದರೆ ಅದರೊಳಗಿನ ಪ್ರೋಟೀನ್ ರಕ್ತಕ್ಕೆ ಸೇರಿ ಕಿಡ್ನಿಯನ್ನು ಕೆಡಿಸುತ್ತದೆ. ಎರಡನೇ ಮಹಾಯುದ್ಧದಲ್ಲಿ ಲಂಡನ್ ಮೇಲೆ ಬಾಂಬ್ ಬಿದ್ದಾಗ ಅವಶೇಷದಡಿಯಿಂದ ಜೀವಂತ ತೆಗೆದವರು ಕೆಲವು ದಿನದ ಮೇಲೆ ಸಾಯುತ್ತಿದ್ದದ್ದನ್ನು ನೋಡಿ, 1941ರಲ್ಲಿ ಅಲ್ಲಿನ ವೈದ್ಯರು ಇದನ್ನು ವಿವರವಾಗಿ ಬರೆದಿಟ್ಟರು.

ಇದನ್ನು ನನಗೆ ಹೇಳಿಕೊಟ್ಟವರು ಉಡುಪಿ ಕಡೆಯ ಒಬ್ಬ ಸಿಸ್ಟರ್. ಈಗ ಗಲ್ಫ್‌ನಲ್ಲಿ ಡಯಾಲಿಸಿಸ್ ವಾರ್ಡಿನಲ್ಲಿದ್ದಾರೆ. ಮೂರನೇ ಅಧ್ಯಾಯಕ್ಕೆ ಬಂದ ಅವರ ಮೊದಲ ಕಾಮೆಂಟ್ ಹೊಗಳಿಕೆ ಅಲ್ಲ. "ಕುತ್ತಿಗೆಯ ಕ್ಯಾಥೆಟರ್ ಇರುವ ಹುಡುಗನಿಗೆ ಹಾಗೆಲ್ಲ ತಲೆ ಮೇಲೆ ನೀರು ಸುರಿದು ಸ್ನಾನ ಮಾಡಿಸ್ತಾರಾ? ಇನ್‌ಫೆಕ್ಷನ್ ಆಗ್ತದೆ ಮಾರಾಯ್ತಿ!" ಅಂತ. (ಕ್ಯಾಥೆಟರ್ ಅಂದರೆ ಡಯಾಲಿಸಿಸ್‌ಗಾಗಿ ರಕ್ತನಾಳಕ್ಕೆ ಹಾಕಿಟ್ಟ ನಳಿಕೆ.) ನಾನು ಮೆಸೇಜ್ ಮಾಡಿದೆ. ಅವತ್ತಿನಿಂದ ನೈಟ್ ಡ್ಯೂಟಿ ಮುಗಿಸಿ, ಮಲಗುವ ಮುಂಚೆ, ನನ್ನ ಪ್ರಶ್ನೆಗಳಿಗೆ ವಾಯ್ಸ್ ನೋಟ್ ಕಳಿಸುತ್ತಾ ಬಂದರು. ಎಷ್ಟೋ ಸಲ ಪ್ರಶ್ನೆ ಜೇಸನ್ ಹೆಸರಿನಲ್ಲಿ ಇರುತ್ತಿತ್ತು, ಕೇಳುತ್ತಿದ್ದದ್ದು ಅಪ್ಪನ ಬಗ್ಗೆ. ಅವರಿಗೂ ಅದು ಗೊತ್ತಾಗಿತ್ತು. "ಜೇಸನ್‌ಗೆ ರಾತ್ರಿ ಕಾಲು ಸೆಳೆತ ಬಂದರೆ ಏನು ಮಾಡಬೇಕು?" ಅಂತ ಕೇಳಿದರೆ, "ಜೇಸನ್‌ಗೆ ಎಷ್ಟು ವಯಸ್ಸು, ಅರವತ್ತು ದಾಟಿದೆಯಾ?" ಅಂತ ವಾಪಸ್ ಕೇಳುತ್ತಿದ್ದರು. ಸಿಸ್ಟರ್, ನಿಮ್ಮ ನಿದ್ದೆಯ ಸಾಲ ನನ್ನ ಮೇಲಿದೆ.

ಇನ್ನು ನನ್ನ ಬೀಟಾ. ಬೀಟಾ ಅಂದರೆ ಅಧ್ಯಾಯ ಹೊರಗೆ ಹೋಗುವ ಮುಂಚೆ ಓದಿ ತಿದ್ದುವವರು. ಧಾರವಾಡದ ಹುಡುಗಿ, ನನಗಿಂತ ತುಂಬಾ ಚಿಕ್ಕವಳು, ಬಾಯಿ ಮಾತ್ರ ದೊಡ್ಡದು. ಅವಳು ಮಾಡಿದ ಕೆಲಸ ಎಂಥದ್ದು ಅಂತ ಒಂದು ಜಾಗ ತೋರಿಸುತ್ತೇನೆ. ಆಸ್ಪತ್ರೆಯಿಂದ ಮನೆಗೆ ಬಂದ ಜೇಸನ್ ಒಂದು ರಾತ್ರಿ ಬ್ರೂಸ್ ಮೇಲೆ ಕೂಗಾಡುತ್ತಾನೆ. ಮಾರನೇ ಬೆಳಿಗ್ಗೆ ಕ್ಷಮೆ ಕೇಳುತ್ತಾನೆ. ಕ್ಷಮೆಗೆ ನಾನು ಮುಕ್ಕಾಲು ಪುಟ ಬರೆದಿದ್ದೆ, ಕಣ್ಣೀರಿನ ಸಮೇತ. ಅವಳು ಅಷ್ಟನ್ನೂ ಹಳದಿ ಮಾಡಿ ಪಕ್ಕದಲ್ಲಿ ಬರೆದಳು: "ಅಕ್ಕಾರ, ಇಂವಾ ಸಾರಿ ಅನ್ನೂ ಪೈಕಿ ಅಲ್ರೀ. ಬಾಯಿಲೆ ಏನೂ ಹೇಳೂದಿಲ್ಲ. ಕೈಲೆ ಏನರ ಮಾಡ್ತಾನ ನೋಡ್ರಿ."

ಕೈಯಲ್ಲಿ ಏನು ಮಾಡುತ್ತಾನೆ? ಎರಡು ದಿನ ತಲೆ ಕೆಡಿಸಿಕೊಂಡೆ. ಆಮೇಲೆ ಹೊಳೆಯಿತು, ಅವನಿಗೆ ಮೊದಲಿನಿಂದ ಬರುವ ವಿದ್ಯೆ ಒಂದೇ. ಈಗಿರುವ ದೃಶ್ಯ ಓದಿದವರಿಗೆ ನೆನಪಿರಬಹುದು. ಬೆಳಿಗ್ಗೆ ಬ್ರೂಸ್ ಕೆಳಗಿಳಿದು ಬಂದರೆ ಕಾರಿನ ಒಂದು ಪಕ್ಕ ಜಾಕ್ ಮೇಲಿದೆ. ಭಾರ ಎತ್ತಬಾರದು ಅಂತ ಡಾಕ್ಟರ್ ಹೇಳಿರುವುದರಿಂದ ಜಾಕ್ ಹಾಕಿಕೊಟ್ಟಿರುವುದು ಮನೆಯ ಬಟ್ಲರ್ ಆಲ್ಫ್ರೆಡ್, ಏನೂ ಗೊತ್ತಿಲ್ಲದವನ ಹಾಗೆ ಅತ್ತ ನಿಂತಿದ್ದಾನೆ. ಜೇಸನ್ ಸಣ್ಣ ಸ್ಟೂಲ್ ಮೇಲೆ ಕೂತು ಚಕ್ರ ವಾಪಸ್ ಕೂರಿಸುತ್ತಿದ್ದಾನೆ. ನಾಲ್ಕು ನಟ್ಟು ಬಿಗಿದಾಗಿದೆ. ಐದನೆಯದನ್ನು ಬಾನೆಟ್ ಮೇಲೆ ಇಟ್ಟು, ಪಕ್ಕದಲ್ಲಿ ಪಾನಾ ಇಟ್ಟು, ಎದ್ದು ಒಳಗೆ ಹೋಗುತ್ತಾನೆ. ಬ್ರೂಸ್ ಅದನ್ನು ಬಿಗಿಯುತ್ತಾನೆ. ಅಷ್ಟೇ. ಮಾತಿಲ್ಲ. ಇಡೀ ಕಥೆಯಲ್ಲಿ ಅತಿ ಹೆಚ್ಚು ಕಾಮೆಂಟ್ ಬಂದದ್ದು ಈ ಅಧ್ಯಾಯಕ್ಕೆ. ಎಲ್ಲರೂ ನನ್ನನ್ನು ಹೊಗಳಿದಿರಿ. ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಧಾರವಾಡಕ್ಕೆ ಹೋಗಬೇಕು.

ನಿಂತುಹೋದ ಕಥೆಗೆ ಬರುತ್ತೇನೆ. ಮಳೆಗಾಲದಲ್ಲಿ ಹೊಸ ಅಧ್ಯಾಯ ಯಾಕೆ ಬರಲಿಲ್ಲ ಅಂತ ತುಂಬಾ ಜನ ಕೇಳಿದ್ದಿರಿ. ಜೇಸನ್ ಕಿಡ್ನಿ ವಾಪಸ್ ಸರಿಹೋಗುತ್ತದಾ ಇಲ್ಲವಾ ಅನ್ನುವಲ್ಲಿ ನಾನು ಸಿಕ್ಕಿಹಾಕಿಕೊಂಡಿದ್ದೆ. ಸಿಸ್ಟರ್ ಮೊದಲೇ ಹೇಳಿದ್ದರು. ಪೆಟ್ಟಿನಿಂದ ಹೀಗೆ ಒಮ್ಮೆಲೇ ನಿಂತ ಕಿಡ್ನಿ ಎಷ್ಟೋ ಸಲ ಕೆಲವು ವಾರ, ತಿಂಗಳಲ್ಲಿ ಮತ್ತೆ ಕೆಲಸ ಶುರುಮಾಡುತ್ತದೆ. ವರ್ಷಗಟ್ಟಲೆ ಸಕ್ಕರೆ ಕಾಯಿಲೆಯಿಂದ ಸವೆದದ್ದು ಹಾಗೆ ಬರುವುದಿಲ್ಲ. ವೈದ್ಯಕೀಯವಾಗಿ ದಾರಿ ಸಲೀಸಾಗಿತ್ತು. ನನ್ನ ಕೈ ಓಡುತ್ತಿರಲಿಲ್ಲ. ಒಳಗೆ ಅಪ್ಪ ಸೂಜಿ ಚುಚ್ಚಿಸಿಕೊಂಡು ಮಲಗಿರುವಾಗ ಹೊರಗೆ ಕೂತು ಇನ್ನೊಬ್ಬನನ್ನು ಗುಣ ಮಾಡುವುದು ಯಾಕೋ ಮೋಸ ಅನಿಸುತ್ತಿತ್ತು.

ಒಂದು ದಿನ ಅಪ್ಪನೇ ಕೇಳಿದರು, ಏನು ಬರೀತಾ ಇದ್ದೀಯ ಅಂತ. ನಮ್ಮಪ್ಪ ಸಿದ್ಧಾಪುರ ಕಡೆಯವರು. ಕಾಮಿಕ್ಸ್ ಗೊತ್ತಿಲ್ಲ, ಯಕ್ಷಗಾನದ ತಾಳಮದ್ದಲೆ ಗೊತ್ತು. ವೇಷ ಇಲ್ಲ, ಕುಣಿತ ಇಲ್ಲ. ಭಾಗವತರು ಪ್ರಸಂಗದ ಪದ್ಯ ಹಾಡುತ್ತಾರೆ, ಅರ್ಥಧಾರಿಗಳು ಕೂತಲ್ಲೇ ಪಾತ್ರವಾಗಿ ಮಾತಾಡುತ್ತಾರೆ. ಪದ್ಯ ಕವಿಯದ್ದು, ಮಾತು ಆ ಹೊತ್ತಿಗೆ ಹುಟ್ಟಿದ್ದು. ಹೆಸರಾಂತ ಅರ್ಥಧಾರಿ ಶೇಣಿ ಗೋಪಾಲಕೃಷ್ಣ ಭಟ್ಟರ ಕ್ಯಾಸೆಟ್ ನಮ್ಮ ಮನೆಯಲ್ಲಿ ಸವೆದುಹೋಗುವಷ್ಟು ಓಡಿದೆ. ನಾನು ಜೇಸನ್ ಕಥೆ ಪೂರ್ತಿ ಹೇಳಿದೆ, ಫೋನಿನ ವೋಟಿನ ಸಮೇತ. ಕಂಬಳಿ ಎದೆವರೆಗೆ ಎಳೆದುಕೊಂಡು ಕೇಳಿದರು. ಆಮೇಲೆ ಅಂದರು: "ಹಾಗಾದ್ರೆ ನೀನೂ ಅರ್ಥ ಹೇಳ್ತಾ ಇದ್ದೀಯ ಅಂತಾಯ್ತು."

ಹೌದು ಅಂದೆ. ಕಿಡ್ನಿಯ ವಿಷಯದಲ್ಲಿ ಕಥೆ ನಿಂತಿದೆ ಅಂತಲೂ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು. ಮೆಷಿನ್ನಿನ ಕಡೆ ನೋಡಿದರು. "ನೋಡು ಕೂಸೇ, ವಾಲಿ ಬಾಣ ತಗುಲಿ ಬಿದ್ದ ಮೇಲೆ ರಾಮನ ಹತ್ರ ಎಷ್ಟು ಚಂದ ವಾದ ಮಾಡಿದ್ರೂ ಕೊನೆಗೆ ಸಾಯ್ಲೇಬೇಕು. ಪ್ರಸಂಗದಲ್ಲಿ ಹಾಗಿದೆ, ನಮಗೆ ಬೇರೆ ಅಧಿಕಾರ ಇಲ್ಲ. ನಿನಗೆ ಇದ್ಯಲ್ಲ! ಮತ್ತೆ ಯಾಕೆ ಜಿಪುಣತನ ಮಾಡ್ತೀಯ?"

ಅವತ್ತು ಅದೇ ಬೆಂಚಿನಲ್ಲಿ ಜೇಸನ್‌ನ ಕ್ಯಾಥೆಟರ್ ತೆಗೆಸಿದೆ. ಅಪ್ಪನ ಡಯಾಲಿಸಿಸ್ ಈಗಲೂ ನಡೆಯುತ್ತಿದೆ, ಆರಾಮಿದ್ದಾರೆ, ಕುಡಿಯುವ ನೀರಿನ ಅಳತೆಯ ಬಗ್ಗೆ ದಿನಾ ಅಮ್ಮನ ಜೊತೆ ಜಗಳ ಆಡುತ್ತಾರೆ. ಕಾಮೆಂಟಿನಲ್ಲಿ ಅವರ ಆರೋಗ್ಯ ವಿಚಾರಿಸಿದ ಪ್ರತಿಯೊಬ್ಬರ ಮಾತನ್ನೂ ಓದಿ ಹೇಳಿದ್ದೇನೆ. ಬ್ರೆಜಿಲ್‌ನಿಂದಲೂ ಒಬ್ಬರು ಕೇಳಿದ್ದಾರೆ ಅಂದರೆ ಅವರು ನಂಬಲಿಲ್ಲ.

ಕಾಮೆಂಟ್ ಹಾಕದೆ ಓದಿದವರಿಗೂ ಥ್ಯಾಂಕ್ಸ್. ನಾನೂ ವರ್ಷಗಟ್ಟಲೆ ಹಾಗೇ ಓದಿದವಳು. ಕುಡೋಸ್ ಅನ್ನುವ ಮೆಚ್ಚುಗೆಯ ಗುಂಡಿಯನ್ನು ಒಂದು ಕಥೆಗೆ ಒಂದೇ ಸಲ ಒತ್ತಲು ಬರುವುದು. ಅದಕ್ಕೆ ಪ್ರತಿ ಅಧ್ಯಾಯದ ಕೆಳಗೆ "ಇನ್ನೊಂದು ಕುಡೋಸ್" ಅಂತ ಎರಡೇ ಪದ ಬರೆದು ಹೋಗುತ್ತಿದ್ದ ಒಬ್ಬರು ಇದ್ದಾರೆ. ನೀವು ಯಾರೋ ಗೊತ್ತಿಲ್ಲ. ಅಪ್ಪನಿಗೆ ತುಂಬಾ ಕಷ್ಟವಾದ ದಿನಗಳಲ್ಲಿ ನಾನು ಕಾಯುತ್ತಿದ್ದದ್ದು ಆ ಎರಡು ಪದಕ್ಕೆ. "ಮುಂದಿನದು ಯಾವಾಗ?" ಅಂತ ಮಾತ್ರ ಕೇಳಿದವರಿಗೂ ಥ್ಯಾಂಕ್ಸ್, ಸ್ವಲ್ಪ ಕಮ್ಮಿ.

ನಮ್ಮ ಕಥೆಗಳಿಗೆ ಜಾಗ ಕೊಟ್ಟಿರುವ ಆರ್ಕೈವ್ ಆಫ್ ಅವರ್ ಓನ್ ವೆಬ್‌ಸೈಟಿನ ಸ್ವಯಂಸೇವಕರ ಹೆಸರು ಯಾರೂ ಹೇಳುವುದಿಲ್ಲ. ಅದು ಅಭಿಮಾನಿಗಳೇ ಕಟ್ಟಿ, ಅಭಿಮಾನಿಗಳ ದೇಣಿಗೆಯಿಂದಲೇ ನಡೆಯುತ್ತಿದೆ. 2009ರಲ್ಲಿ ಎಲ್ಲರಿಗೂ ತೆರೆದುಕೊಂಡಿತು. ಇವತ್ತಿಗೂ ಒಂದು ಜಾಹೀರಾತಿಲ್ಲ. 2019ರಲ್ಲಿ ವಿಜ್ಞಾನ ಕಥೆ, ಫ್ಯಾಂಟಸಿ ಲೋಕದ ಹ್ಯೂಗೊ ಪ್ರಶಸ್ತಿಯೂ ಬಂತು. ಒಬ್ಬರು "ಜೇಸನ್ ಟಾಡ್ ಬದುಕಿದ್ದಾನೆ" ಅಂತ ಟ್ಯಾಗ್ ಹಾಕಿ, ಇನ್ನೊಬ್ಬರು "ಜೇಸನ್ ಸಾಯಲೇ ಇಲ್ಲ" ಅಂತ ಹಾಕಿದರೆ, ಎರಡನ್ನೂ ಕೂತು ಹೊಂದಿಸುವುದು ಸಂಬಳ ಇಲ್ಲದ ಜನ. ನನ್ನ ಕಥೆ ನಿಮ್ಮ ಕಣ್ಣಿಗೆ ಬಿದ್ದದ್ದು ಅವರಿಂದ.

ಎರಡನೇ ಭಾಗ ಬರೆಯುತ್ತೀರಾ ಅಂತ ಕೇಳುತ್ತಿದ್ದೀರಿ. ಇಲ್ಲ, ಇದು ಇಲ್ಲಿಗೆ ಮುಗಿಯಿತು. ಆದರೆ ಜೇಸನ್ ಕಾಲೇಜಿಗೆ ಹೋಗುವ ಕಥೆ ಬೇಕು ಅನ್ನುವವರು ನೀವೇ ಬರೆಯಿರಿ. ಚಿತ್ರ ಬರೆಯಿರಿ, ಓದಿ ರೆಕಾರ್ಡ್ ಮಾಡಿ, ಕನ್ನಡಕ್ಕೆ ತನ್ನಿ. ನನ್ನನ್ನು ಕೇಳುವುದೇ ಬೇಡ, ಆಮೇಲೆ ಲಿಂಕ್ ಕಳಿಸಿ ಸಾಕು. ಅವನು ನನ್ನ ಸ್ವಂತ ಹುಡುಗ ಏನಲ್ಲವಲ್ಲ.

ನನಗೆ ಕಾಮೆಂಟ್ ಹಾಕಿದ ಎಷ್ಟೋ ಜನ ನೀವೂ ಬರೆಯುತ್ತೀರಿ. ನಿಮ್ಮ ಕಥೆಗಳನ್ನು ಆಮೇಲೆ ಓದುತ್ತೇನೆ ಅಂತ ಗುರುತು ಹಾಕಿಟ್ಟುಕೊಂಡು ಒಂದು ಅಕ್ಷರವೂ ಬರೆಯದೆ ಕೂತಿದ್ದೇನೆ. ಆ ಬಾಕಿಯನ್ನು ಈ ವಾರದಿಂದ ತೀರಿಸುತ್ತೇನೆ. ಮಂಗಳವಾರ, ಗುರುವಾರ, ಶನಿವಾರ ಬೆಳಿಗ್ಗೆ ಬೆಂಚಿನಲ್ಲಿ ಬೇಕಾದಷ್ಟು ಟೈಮ್ ಇರುತ್ತದೆ, ಕಾಮೆಂಟ್ ಸ್ವಲ್ಪ ಉದ್ದವಾದರೆ ಸಹಿಸಿಕೊಳ್ಳಿ.