ಪೋಷಕರಿಗೆ ಪತ್ರ: ವಿಜ್ಞಾನ ದಿನ ಮತ್ತು ಪ್ರೊ. ಚಂದ್ರಶೇಖರ್

ಚಳ್ಳಕೆರೆ ತಾಲ್ಲೂಕು, ಚಿತ್ರದುರ್ಗ ಜಿಲ್ಲೆ

ಮಾನ್ಯ ಪೋಷಕರೇ,

ನಮಸ್ಕಾರಗಳು. ಪ್ರತಿ ವರ್ಷ ಫೆಬ್ರವರಿ 28ರ ರಾಷ್ಟ್ರೀಯ ವಿಜ್ಞಾನ ದಿನದಂದು ಸರ್ ಸಿ.ವಿ. ರಾಮನ್ ಅವರ ಭಾವಚಿತ್ರಕ್ಕೆ ಹೂಮಾಲೆ ಹಾಕಿ, ಮಕ್ಕಳಿಂದ ಒಂದೆರಡು ಭಾಷಣ ಮಾಡಿಸುವುದು ನಮ್ಮ ಶಾಲೆಯ ರೂಢಿ. ಈ ಬಾರಿ ರಾಮನ್ ಅವರ ಅಣ್ಣನ ಮಗ, ಖಭೌತ ವಿಜ್ಞಾನಿ ಪ್ರೊ. ಸುಬ್ರಹ್ಮಣ್ಯನ್ ಚಂದ್ರಶೇಖರ್ ಅವರನ್ನು ಒಂಬತ್ತು ಮತ್ತು ಹತ್ತನೆಯ ತರಗತಿಯವರಿಗೆ ಪರಿಚಯಿಸಲಿದ್ದೇವೆ. ಪರೀಕ್ಷೆ ಹತ್ತಿರವಿರುವಾಗ ಇದೇಕೆಂದು ಕೆಲವರು ಕೇಳಿದ್ದೀರಿ. ನಮ್ಮದೇ ತಾಲ್ಲೂಕಿನ ಕುದಾಪುರದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣವಿದ್ದರೂ, ಒಬ್ಬ ಪ್ರಾಧ್ಯಾಪಕರು ಜೀವಮಾನವಿಡೀ ಮಾಡುವ ಕೆಲಸವಾದರೂ ಏನೆಂಬುದು ನಮ್ಮ ಮಕ್ಕಳಿಗೆ ತಿಳಿದಿಲ್ಲ.

1910ರಲ್ಲಿ ಲಾಹೋರಿನಲ್ಲಿ ಜನಿಸಿದ ಚಂದ್ರಶೇಖರ್ ಮೊದಲು ಮನೆಯಲ್ಲೇ, ತಂದೆತಾಯಿಯರ ಬಳಿ ಕಲಿತರು. ಗಣಿತ ಓದಬೇಕೆಂದಿದ್ದ ಮಗನಿಗೆ ತಂದೆ ಭೌತಶಾಸ್ತ್ರ ಹಿಡಿಯಲು ಹೇಳಿದರು. ಮಗ ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಭೌತಶಾಸ್ತ್ರಕ್ಕೆ ಸೇರಿ, ಗಣಿತದ ತರಗತಿಗಳಿಗೂ ಹೋಗಿ ಕುಳಿತರು. ಆ ಗಣಿತವೇ ಮುಂದೆ ಕೈಹಿಡಿಯಿತು. 1930ರಲ್ಲಿ, ಹತ್ತೊಂಬತ್ತರ ವಯಸ್ಸಿನಲ್ಲಿ ಕೇಂಬ್ರಿಜ್‌ಗೆ ಹೊರಟ ಅವರು ಹಡಗಿನಲ್ಲೇ ಶ್ವೇತ ಕುಬ್ಜಗಳ, ಅಂದರೆ ಇಂಧನ ತೀರಿ ಕುಗ್ಗಿದ ನಕ್ಷತ್ರಗಳ ಲೆಕ್ಕ ಹಾಕತೊಡಗಿದರು. ಅಲ್ಲಿನ ಎಲೆಕ್ಟ್ರಾನುಗಳು ಬೆಳಕಿನ ವೇಗಕ್ಕೆ ಸಮೀಪವಾಗಿ ಚಲಿಸುವುದನ್ನು ಗಣನೆಗೆ ತಂದಾಗ, ಸೂರ್ಯನ ಸುಮಾರು 1.4 ಪಟ್ಟಿಗಿಂತ ಹೆಚ್ಚು ದ್ರವ್ಯರಾಶಿಯ ಶ್ವೇತ ಕುಬ್ಜ ತನ್ನ ಭಾರವನ್ನು ತಾನೇ ತಾಳಲಾರದೆಂದು ಕಂಡಿತು. 1935ರ ಜನವರಿಯಲ್ಲಿ ಲಂಡನ್ನಿನಲ್ಲಿ ಇದನ್ನು ಮಂಡಿಸಿದಾಗ ಹಿರಿಯ ವಿಜ್ಞಾನಿ ಎಡಿಂಗ್ಟನ್ ಅದೇ ಸಭೆಯಲ್ಲಿ ತಳ್ಳಿಹಾಕಿದರು. ನೊಬೆಲ್ ಪ್ರಶಸ್ತಿ ಬಂದದ್ದು 1983ರಲ್ಲಿ.

ಪ್ರಶಸ್ತಿಗಿಂತ ನನಗೆ ಮುಖ್ಯವೆನಿಸುವುದು ಅವರ ಕೆಲಸದ ಕ್ರಮ. 1937ರಿಂದ ಕೊನೆಯವರೆಗೆ ಷಿಕಾಗೋ ವಿಶ್ವವಿದ್ಯಾಲಯದಲ್ಲೇ ಇದ್ದ ಅವರು ಒಂದು ವಿಷಯವನ್ನು ಹಲವು ವರ್ಷ ಅಭ್ಯಸಿಸಿ, ಅದರ ಮೇಲೊಂದು ಗ್ರಂಥ ಬರೆದು, ಬೇರೊಂದಕ್ಕೆ ಹೊರಳುತ್ತಿದ್ದರು: ನಕ್ಷತ್ರಗಳ ರಚನೆ, ನಕ್ಷತ್ರ ಸಮೂಹಗಳ ಚಲನೆ, ವಿಕಿರಣದ ಸಾಗಣೆ, ದ್ರವಗಳ ಸ್ಥಿರತೆ. ಕಪ್ಪು ರಂಧ್ರಗಳ ಗಣಿತದ ಗ್ರಂಥ ಪ್ರಕಟವಾದಾಗ ಅವರಿಗೆ ಎಪ್ಪತ್ತು ದಾಟಿತ್ತು. ಫಲಿತಾಂಶ ಬಂದ ವಾರದೊಳಗೆ ಮಕ್ಕಳ ಪಿಯುಸಿ ವಿಭಾಗವನ್ನು ನಾವೇ ತೀರ್ಮಾನಿಸಿಬಿಡುವ ಈ ದಿನಗಳಲ್ಲಿ ಇದನ್ನು ನೀವೂ ಕೇಳಲೆಂದು ನನ್ನ ಆಸೆ. ಮಧ್ಯಾಹ್ನದ ಪರಿಚಯ ಕಾರ್ಯಕ್ರಮಕ್ಕೆ ದಯವಿಟ್ಟು ಬನ್ನಿ.

ಅಂದು ಸಂಜೆ ಏಳೂವರೆಗೆ ಶಾಲಾ ಮೈದಾನದಲ್ಲಿ ದಕ್ಷಿಣಕ್ಕೆ ಹೊಳೆಯುವ ಲುಬ್ಧಕ ನಕ್ಷತ್ರವನ್ನು ತೋರಿಸುತ್ತೇವೆ. ಭೂಮಿಯಷ್ಟೇ ಗಾತ್ರವಿದ್ದು ಹೆಚ್ಚುಕಡಿಮೆ ಸೂರ್ಯನಷ್ಟು ದ್ರವ್ಯರಾಶಿಯುಳ್ಳ ಅದರ ಸಂಗಾತಿ ಶ್ವೇತ ಕುಬ್ಜ ಬರಿಗಣ್ಣಿಗೆ ಕಾಣದು. ಹಳ್ಳಿಗಳಿಂದ ಬರುವ ಮಕ್ಕಳನ್ನು ಎಂಟೂವರೆಗೆ ಪೋಷಕರೇ ಬಂದು ಕರೆದೊಯ್ಯಬೇಕು. ಸಹಿ ಮಾಡಿದ ಒಪ್ಪಿಗೆ ಪತ್ರವನ್ನು ತರಗತಿ ಶಿಕ್ಷಕರಿಗೆ ಮುಂಚಿತವಾಗಿ ತಲುಪಿಸಬೇಕಾಗಿ ವಿನಂತಿ.

ತಮ್ಮ ವಿಶ್ವಾಸಿ,
ಮುಖ್ಯೋಪಾಧ್ಯಾಯರು